ಕ್ಲಚ್ ಪೈಪಿನಲ್ಲಿ ಬಿಡಾರ ಹೂಡಿದ ಗಾಳಿಯವರಿಗೆ

ಸೊಲ್ಲಾಪುರ
ದೀಪಾವಳಿಯ ಮರುವಾರ, ೧೯೭೪

ಮಾನ್ಯ ಗಾಳಿಯವರೇ,

ನನ್ನ ಹಳೆಯ ಕಾರಿನ ಕ್ಲಚ್ ಪೈಪಿನಲ್ಲಿ ಕರೆಯದೆ ಬಂದು, ಬಾಡಿಗೆಯ ಮಾತೆತ್ತದೆ ಸುಖವಾಗಿ ನೆಲೆಸಿದ್ದ ತಮ್ಮ ಸನ್ನಿಧಿಗೆ ಟವೆಲ್ ವ್ಯಾಪಾರಿ ಶಂಕರೆಪ್ಪನ ದೀರ್ಘದಂಡ ನಮಸ್ಕಾರಗಳು. ಇದು ಬರೀ ಬಾಯಿಮಾತಲ್ಲ. ರವಿವಾರ ಮುಂಜಾನೆಯೆಲ್ಲ ನಾನು ತಮ್ಮ ಕೆಳಗೆ ನೆಲಕ್ಕೇ ಬಿದ್ದಿದ್ದೆ. ಬೋರಲಾಗಿ ಅಲ್ಲ, ಅಂಗಾತ; ವ್ಯಾಪಾರದಲ್ಲಿ ರಿಯಾಯಿತಿ ಕೊಟ್ಟಂತೆ ಅಷ್ಟು ಸೋಡಿ ಬಿಡಬೇಕು.

ತಮ್ಮ ಗುಣವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಾವಿರಲೆಂದೇ ನಾಲ್ಕು ಟೈರು ಹಾಕಿಸಿದ್ದೇನೆ, ಮೇಲೊಂದು ಸ್ಟೆಪ್ನಿ. ಅಲ್ಲಿಂದ ಬೋರಾಮಣಿಯ ಬಯಲಿನಲ್ಲಿ ಗಿಡದ ನೆರಳೂ ಇಲ್ಲದ ಜಾಗ ನೋಡಿ ಹೇಳದೆ ಹೊರಟುಬಿಡುತ್ತೀರಿ. ಎಣ್ಣೆಯಷ್ಟೇ ಇರಬೇಕಾದ ಪೈಪಿನಲ್ಲಿ ಮಾತ್ರ ಬಿಡಾರ ಹೂಡುತ್ತೀರಿ. ತಮ್ಮ ಕೃಪೆಯಿಂದ ಪೆಡಲು ಹತ್ತಿಯ ಗಾದಿಯಂತೆ ಮೆತ್ತಗಾಗಿ, ಗೇರು ಹಾಕಿದಾಗಲೆಲ್ಲ ಗಾಡಿ ಕರಕರ ಹಲ್ಲು ಕಡಿಯುತ್ತಿತ್ತು.

ಮಂಗಳವಾರ ಅಕ್ಕಲಕೋಟೆಯಲ್ಲಿ ನನ್ನ ಮಗಳ ನಿಶ್ಚಯವಿತ್ತೆಂಬುದು ತಮಗೆ ತಿಳಿದೇ ಇದ್ದೀತು, ಇಲ್ಲದಿದ್ದರೆ ಇಷ್ಟು ಸರಿಯಾದ ಮುಹೂರ್ತಕ್ಕೆ ಬರುತ್ತಿರಲಿಲ್ಲ. ಬೀಗರಾಗಲಿದ್ದ ಶಾಂತಲಿಂಗಪ್ಪನವರ ಅಂಗಡಿಯ ಕಟ್ಟೆಯ ಮೇಲೆ ನಾನು ಒಂದು ಕಾಲಕ್ಕೆ ಸೈಕಲ್ಲಿನಿಂದ ಟವೆಲಿನ ಗಂಟು ಇಳಿಸಿ, ಅವರು ತಲೆಯೆತ್ತಿ ನೋಡುವವರೆಗೆ ನಿಂತವನು. ಅದೇ ಕಟ್ಟೆಗೆ ನಮ್ಮ ಗಾಡಿಯಲ್ಲೇ ಬರುತ್ತೇವೆಂದು ಊರಿಗೆಲ್ಲ ಹೇಳಿಕೊಂಡಾಗಿತ್ತು. ಗ್ಯಾರೇಜಿನವರೋ ದೀಪಾವಳಿಗೆಂದು ಬುಧವಾರದವರೆಗೆ ಬೀಗ ಹಾಕಿದ್ದರು.

ಆದ್ದರಿಂದ ತಮ್ಮನ್ನು ಬೀಳ್ಕೊಡುವ ಸಮಾರಂಭವನ್ನು ಅಂಗಳದಲ್ಲೇ ಇಟ್ಟುಕೊಂಡೆ. ನನ್ನ ಹೆಂಡತಿ ನೀಲಗಂಗಾ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು. ನಾನು ಕೆಳಗೆ ಪೈಪಿನ ತುದಿಯ ಗಾಳಿ ಬಿಡುವ ತಿರುಪು, ಅಂದರೆ ನಿಪ್ಪಲ್, ಸಡಿಲಿಸಿ, ಎಣ್ಣೆಯ ಜೊತೆ ತಾವು ಬುಸ್ಸೆಂದು ಹೊರಬಿದ್ದ ಮೇಲೆ ಮತ್ತೆ ಬಿಗಿಯಬೇಕು. ಆಮೇಲಷ್ಟೇ ಆಕೆ ಕಾಲು ತೆಗೆಯಬೇಕು; ಮೊದಲೇ ತೆಗೆದರೆ ಪೈಪು ತಮ್ಮನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಆದರೆ ತಾವು ಹೊರಗೆ ಹೋದಷ್ಟೇ ಒಳಗೆ ಬರುತ್ತಿದ್ದಿರಿ. ಡಬ್ಬಿಯ ಎಣ್ಣೆ ಇಳಿಯಿತು, ನನ್ನ ಅಂಗಡಿಯ ಹೊಸ ಟವೆಲೊಂದು ಕರಿದಾಯಿತು, ತಾವು ಮಾತ್ರ ಕಾಯಂ. ಕೊನೆಗೆ ನಿಪ್ಪಲ್ ಸಡಿಲವಿದ್ದಂತೆಯೇ ತೆವಳಿ ಹೊರಬಂದು ನೋಡುತ್ತೇನೆ: ನಾನು ನಿಪ್ಪಲ್ ಬಿಗಿಯುವ ಮೊದಲೇ ಆಕೆ ಕಾಲು ತೆಗೆದು, ಬಗ್ಗಿ, ಪೆಡಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾಳೆ. ಪ್ರತಿ ಸಲವೂ.

ನಾನು ಬಾಯಿ ತೆರೆಯುವ ಮುಂಚೆಯೇ ಅಂದಳು: “ದಸರಾಕ ಈ ಪೆಡಲಿಗಿ ಇಬತ್ತಿ ಹಚ್ಚಿ ಪೂಜಿ ಮಾಡೀನ್ರಿ. ಅದಕ್ಕ ಕಾಲು ಹಚ್ಚಿ ಸುಮ್ ಕುಂದರ್ಲೇನು?”

ದೇವರ ವಿಷಯದಲ್ಲಿ ವಾದ ನಡೆಯದು, ಸೌದಾ ನಡೆಯುತ್ತದೆ. ಇಪ್ಪತ್ತೊಂದು ನಮಸ್ಕಾರಗಳನ್ನು ಠೋಕಿನಲ್ಲಿ, ಒಟ್ಟಿಗೇ ಸಗಟಾಗಿ, ಮುಂಗಡ ಸಲ್ಲಿಸಿಬಿಡು, ಆಮೇಲೆ ನಾನು ಹೇಳುವವರೆಗೆ ಕಾಲು ಎತ್ತಬೇಡ ಎಂದೆ. ವಿಚಾರ ಮಾಡಿ ಒಪ್ಪಿದಳು. ಹದಿನಾಲ್ಕನೆಯ ಒತ್ತಿಗೆ ಪೆಡಲು ಕಲ್ಲಾಯಿತು. ತಾವು ಹೋಗಿದ್ದಿರಿ, ಒಂದು ಮಾತು ಹೇಳದೆ.

ಮಂಗಳವಾರ ಆ ಕಟ್ಟೆಯ ಮುಂದೆ ಗಾಡಿ ಹಲ್ಲು ಕಡಿಯದೆ ನಿಂತಿತು. ಶಾಂತಲಿಂಗಪ್ಪನವರು ಕಟ್ಟೆ ಇಳಿದು ಬಂದು ಸ್ವತಃ ಗಾಡಿಯ ಬಾಗಿಲು ತೆಗೆದರು. ನಾನು ಅವಸರ ಮಾಡಲಿಲ್ಲ, ಸಾವಕಾಶ ಇಳಿದೆ.

ಇನ್ನು ಮುಂದೆ ತಾವು ದಯಮಾಡಿ ಬರುವ ಮುನ್ನ ಒಂದು ಕಾರ್ಡು ಬರೆಯಬೇಕು, ಸಾಧ್ಯವಾದರೆ ಮದುವೆಯ ದಿನ ಟೈರಿನಲ್ಲೇ ಹಾಜರಿರಬೇಕೆಂದು ಪ್ರಾರ್ಥನೆ.

ಮರುಭೇಟಿಯ ಆತುರ ಎಳ್ಳಷ್ಟೂ ಇಲ್ಲದ,
ತಮ್ಮ ವಿಶ್ವಾಸಿ,
ಶಂಕರೆಪ್ಪ

ತಾ.ಕ.: ಮುಂಗಡದಲ್ಲಿ ಏಳು ನಮಸ್ಕಾರ ಇನ್ನೂ ಜಮಾ ಇವೆ. ಅವನ್ನು ನನ್ನ ಖಾತೆಗೆ ತಿರುಗಿಸೆಂದು ನೀಲಗಂಗಾಳನ್ನು ಕೇಳಿ ನೋಡಿದೆ. ಪೆಡಲಿನವು ಪೆಡಲಿಗೇ ಇರಲಿ ಎಂದಳು. ಅದು ಗಾಳಿ ಹೋದ ಮೇಲಾದರೂ ಗಟ್ಟಿಯಾಯಿತಂತೆ, ನನ್ನ ಗಾಳಿ ಇನ್ನೂ ಬಾಯಿಂದ ಹೋಗುತ್ತಲೇ ಇದೆಯಂತೆ.