ಸಾಬ್‌ರ ಮುಂದ ಕೆಮ್ಮಬಾರದು

ಫೌಜಿಯ ಹೆಂಡತಿಯಾದವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವು ತಾವಾಗಿಯೇ ಮನೆಗೆ ಬರುತ್ತವೆ. ಆ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ, ಮೈ ಉರಿಯುತ್ತದೆ. ನಮ್ಮ ಮನೆಯವರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಹಿಮದ ಪೋಸ್ಟಿನಲ್ಲಿ, ಕಿಟಕಿಯಿಲ್ಲದ ಬಂಕರಿನಲ್ಲಿ ಸೀಮೆಎಣ್ಣೆ ಒಲೆ ಹಚ್ಚಿಕೊಂಡು ಚಳಿಗಾಲ ಕಳೆದು, ಎದೆ ತುಂಬ ಹೊಗೆ ತುಂಬಿಕೊಂಡು ನಮ್ಮೂರು ಅಕ್ಕೋಳಕ್ಕೆ ಬಂದರು. ಈಗ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಕಂಡವರ ಕಟ್ಟೆಯ ಮೇಲೆಲ್ಲ ಕೂತು ಉಸಿರು ಸುಧಾರಿಸಿಕೊಳ್ಳಬೇಕು. ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದೆವು. ನನ್ನ ತಲೆನೋವು ಶುರುವಾದದ್ದು ಅಲ್ಲಿಂದ.

ತಂಬಾಕಿನ ಸೀಮೆ

ಅರ್ಜಿ ತಿರಸ್ಕಾರವಾಯಿತು. ಶ್ವಾಸಕೋಶದ ಕಾಯಿಲೆ ಇರುವುದು ನಿಜ, ಆದರೆ ಅದಕ್ಕೆ ಸೇವೆ ಕಾರಣವಲ್ಲ. ಅರ್ಜಿದಾರರು ನಿಪ್ಪಾಣಿ ತಾಲೂಕಿನವರು, ಅದು ತಂಬಾಕಿನ ಸೀಮೆ, ಬೀಡಿಯ ಚಟದಿಂದ ಬಂದಿರಬಹುದು ಎಂದು ಬರೆದಿದ್ದರು. ನಮ್ಮದು ಜೈನರ ಮನೆ. ಹೊಲದಲ್ಲಿ ತಂಬಾಕು ಬೆಳೆದಿದ್ದೇವೆ, ಬಾಯಿಗೆ ಇಟ್ಟವರಲ್ಲ.

"ಪಿಂಚಣಿ ಹೋದ್ರ ಹೋಗ್ಲಿ. ನಾ ಬೀಡಿ ಸೇದ್ತೀನಂತ ಬರದಾರಲ್ಲ, ಅದನ್ನ ಅಳಸಬೇಕು," ಎಂದು ಇವರು ಊಟ ಬಿಟ್ಟು ಕೂತರು.

ಚಿಕ್ಕೋಡಿಯ ವಕೀಲರು ಅಪೀಲು ಹಾಕಲು ಒಪ್ಪಿದರು. ಬೀಡಿ ಸೇದುವುದಿಲ್ಲ ಎಂದು ಹೇಳಲು ಊರಿನ ಹಿರಿಯರೊಬ್ಬರು ಬೇಕೆಂದರು. ಪಕ್ಕದ ಮನೆಯ ಕಾಕಾನನ್ನು ಕರೆದುಕೊಂಡು ಹೋದೆವು.

"ಇಂವಾ ಜನ್ಮದಾಗ ಬೀಡಿ ಮುಟ್ಟಿಲ್ರಿ," ಎಂದು ಕಾಕಾ ಎದೆ ತಟ್ಟಿ ಹೇಳಿದ.

"ನಿಮಗ ಹ್ಯಾಂಗ ಗೊತ್ರಿ?" ಎಂದರು ವಕೀಲರು.

"ನನಗ ಗೊತ್ತಿಲ್ದ ಇನ್ಯಾರಿಗ್ರಿ? ದಿನಾ ಸಂಜಿಕ ನನ್ನ ಕಟ್ಟಿ ಮ್ಯಾಲ ಬಂದು ಕುಂದರ್ತಾನ. ಇವನ ಮಗ್ಗಲದಾಗ ಕುಂತು ನಾ ಒಂದ ಕಟ್ಟ ಬೀಡಿ ಖಾಲಿ ಮಾಡ್ತೀನಿ. ಕೊಟ್ರೂ ಒಲ್ಲೆ ಅಂತಾನ!"

ವಕೀಲರು ಪೆನ್ನಿಗೆ ಮುಚ್ಚಳ ಹಾಕಿ, ಕಾಕಾನಿಗೆ ಚಹಾ ಕುಡಿಸಿ ಕಳಿಸಿದರು.

ಫಸ್ಟ್ ಕ್ಲಾಸ್

ಅಪೀಲಿನಿಂದ ಒಂದು ಉಪಕಾರವಾಯಿತು. ಮಿಲಿಟರಿ ದವಾಖಾನೆಯಲ್ಲಿ ಮತ್ತೊಮ್ಮೆ ತಪಾಸಣೆಗೆ ಕರೆದರು. ಗೇಟಿನಿಂದ ಡಾಕ್ಟರರ ಕೋಣೆಯವರೆಗೆ ಹೋಗಲು ಇವರು ಸಿಕ್ಕ ಸಿಕ್ಕ ಗಿಡ ಹಿಡಿದು ನಿಂತರು, ಕೆಮ್ಮಿದರು, ಬೆವರಿದರು. ಪಾಪ ಅನ್ನಿಸಿತಾದರೂ, ಇವತ್ತು ಡಾಕ್ಟರರು ಕಣ್ಣಾರೆ ನೋಡುತ್ತಾರಲ್ಲ ಎಂದು ಸಮಾಧಾನವೂ ಆಯಿತು.

ಒಳಗೆ ಕೂತಿದ್ದವಳು ಮೇಜರ್ ದರ್ಜೆಯ ಡಾಕ್ಟರು, ನಮ್ಮ ಮಗಳ ವಯಸ್ಸಿನವಳು. ಹೆಗಲ ಮೇಲೆ ಅಧಿಕಾರಿಯ ಪಟ್ಟಿ ಇದ್ದರೆ ಗಂಡಾಗಲಿ ಹೆಣ್ಣಾಗಲಿ ಇವರಿಗೆ ಸಾಬ್. ಅದು ಕಂಡದ್ದೇ ತಡ, ಇವರ ಕೆಮ್ಮು ಎಲ್ಲಿ ಓಡಿತೋ! ಎದೆ ಉಬ್ಬಿಸಿ, ಹಿಮ್ಮಡಿ ಕೂಡಿಸಿ ನಿಂತರು.

ಆಕೆ ಮೃದುವಾಗಿ, ಹೇಗಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದಳು.

"ಏಕದಮ್ ಫಸ್ಟ್ ಕ್ಲಾಸ್, ಮೇಡಂ!"

ಅಲ್ಲೇ ಇದ್ದ ಸ್ಟೂಲು ಎತ್ತಿ ಇವರ ತಲೆಗೆ ಹಾಕಬೇಕೆನಿಸಿತು. ಹೊರಗೆ ಬಂದು ಬೆಂಚಿನ ಮೇಲೆ ಕುಸಿದವರಿಗೆ ನೀರು ಕುಡಿಸುತ್ತ, "ಕೆಮ್ಮಾಕ ಏನ್ ಧಾಡಿ ಆಗಿತ್ರಿ ನಿಮಗ?" ಎಂದೆ.

"ಸಾಬ್‌ರ ಮುಂದ ಕೆಮ್ಮತಾರೇನ?" ಎಂದು ನನ್ನನ್ನೇ ಗದರಿಸಿದರು.

ಊದುವ ಪಂದ್ಯ

ಪುಣ್ಯಕ್ಕೆ ಡಾಕ್ಟರು ಇವರ ಮಾತು ನಂಬದೆ, ಕೊಳವೆಯೊಳಗೆ ಉಸಿರು ಊದಿಸುವ ಪರೀಕ್ಷೆಗೆ ಕಳಿಸಿದಳು. ಅಲ್ಲಿ ಅಥಣಿ ಕಡೆಯ ಇನ್ನೊಬ್ಬ ಮಾಜಿ ಸೈನಿಕರೂ ಕೂತಿದ್ದರು, ಬೇರೆ ಪಲ್ಟನ್ನಿನವರು. ಎರಡು ಪಲ್ಟನ್ನು ಸೇರಿದ ಮೇಲೆ ಕೇಳಬೇಕೇ? ನಮ್ಮ ಪಲ್ಟನ್ ಹಾಗೆ, ನಿಮ್ಮದು ಹೀಗೆ ಎಂದು ಶುರುವಾಗಿ, ಕಡೆಗೆ ಯಾರು ಹೆಚ್ಚು ಊದುತ್ತಾರೆ ನೋಡೇಬಿಡೋಣ ಎಂಬಲ್ಲಿಗೆ ಬಂದು ನಿಂತಿತು. ಆ ಮನುಷ್ಯರು ಊದಿ ಗೋಡೆಗೆ ಒರಗಿದರು. ಇವರು ಊದಿ ನನ್ನ ತೊಡೆಯ ಮೇಲೆ ಬಿದ್ದರು. ಕಣ್ಣು ಬಿಟ್ಟೊಡನೆ ಕೇಳಿದ್ದು ಒಂದೇ ಮಾತು: "ಗೆದ್ದಾವ್ರು ಯಾರು?"

ಯಂತ್ರದವನು ಎರಡೂ ಕಾಗದ ನೋಡಿ, "ಇಬ್ಬರೂ ಸೋತೀರಿ ಅಜ್ಜಾರ," ಎಂದ.

ಕಂಪ್ಲೇಂಟ್ ಮಾಡದ ಮನುಷ್ಯ

ಸೈನಿಕರ ನ್ಯಾಯಮಂಡಳಿಯ ಕೊನೆಯ ವಿಚಾರಣೆ ವಕೀಲರ ಆಫೀಸಿನ ಕಂಪ್ಯೂಟರಿನಲ್ಲೇ ನಡೆಯಿತು. ಪರದೆಯ ಮೇಲೆ ಒಬ್ಬರು ನ್ಯಾಯಾಧೀಶರು, ಪಕ್ಕದಲ್ಲಿ ಒಬ್ಬರು ನಿವೃತ್ತ ಜನರಲ್. ಜನರಲ್‌ ಅವರ ಮುಖ ಕಾಣುತ್ತಲೇ ಇವರು ಎದ್ದು ಸೆಲ್ಯೂಟ್ ಹೊಡೆದರು. ಆ ಕಡೆಯವರಿಗೆ ಕಂಡದ್ದು ಬರೀ ಬೆಲ್ಟು. ಅಂಗಿ ಜಗ್ಗಿ ಕೂರಿಸಿದೆ.

ಸರಕಾರದ ವಕೀಲರು ಒಂದೇ ಹಟ ಹಿಡಿದರು. ಸೇವೆಯಲ್ಲಿ ಇದ್ದಷ್ಟು ದಿನ ಹೊಗೆಯ ಬಗ್ಗೆ ಈ ಮನುಷ್ಯ ಒಂದು ಕಂಪ್ಲೇಂಟನ್ನೂ ಮಾಡಿಲ್ಲ ಎಂದರು. ಯಾಕೆ ಮಾಡಲಿಲ್ಲ ಎಂದು ಜನರಲ್ ಕೇಳಿದರು.

ಇವರು ತಲೆ ತಗ್ಗಿಸಿ ಹಿಂದಿಯಲ್ಲಿ ಹೇಳಿದರು: "ಮಾಡಿದ್ದರೆ ನನ್ನನ್ನು ಪೋಸ್ಟಿನಿಂದ ಕೆಳಗೆ ಕಳಿಸುತ್ತಿದ್ದರು ಸರ್. ನನ್ನ ಜಾಗಕ್ಕೆ ಇನ್ನೊಬ್ಬ ಬಂದು ಅದೇ ಹೊಗೆ ಕುಡಿಯಬೇಕಾಗುತ್ತಿತ್ತು."

ಇದನ್ನು ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ತಡೆಯಲಾರದೆ ಪರದೆಯ ಮುಂದೆ ಹೋಗಿ ಕನ್ನಡದಲ್ಲೇ ಶುರು ಮಾಡಿದೆ, ನಮ್ಮ ವಕೀಲರು ಹಿಂದಿ ಮಾಡಿ ಹೇಳುತ್ತ ಬಂದರು.

"ಇವ್ರು ಕಂಪ್ಲೇಂಟ್ ಮಾಡೋ ಮನಶ್ಯಾ ಅಲ್ರಿ. ಉಪ್ಪಿಲ್ದ ಸಾರು ಹಾಕಿದ್ರೂ ಸುಮ್ನ ಉಣ್ತಾರ. ಸಾಕ್ಷಿ ಬೇಕಂದ್ರ ನಮ್ಮತ್ತೀನ್ನ ಕೇಳ್ರಿ. ರಜಾಕ್ಕ ಬಂದಾಗ ಇವ್ರು ಕೆಮ್ಮಿದ್ರ ಕರೀ ಮಸಿ ಬೀಳ್ತಿತ್ತು. ಮಗಾ ಬೀಡಿ ಕಲ್ತಾನಂತ ನಮ್ಮತ್ತಿ ಚಪ್ಪಲ್ ತಗೊಂಡು ಹೊಡದಾರ್ರಿ! ಆಗೂ ಇವ್ರು ಬಾಯಿ ಬಿಡ್ಲಿಲ್ಲ."

ಜನರಲ್ ಮುಂದಿದ್ದ ಫೈಲು ಮುಚ್ಚಿದರು. ಆ ಮಸಿ ನಾನೂ ಉಗುಳಿದ್ದೇನೆ ಎಂದಷ್ಟೇ ಹೇಳಿದರು.

ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ಆದೇಶವಾಯಿತು. ಅದು ಕೈಗೆ ಬಂದ ದಿನ ಇವರು ನೆಟ್ಟಗೆ ತಾಯಿಯ ಮಂಚದ ಹತ್ತಿರ ಹೋದರು. ಅತ್ತೆಗೆ ಈಗ ಕಣ್ಣು ಮಂದ, ಮಾತು ಮಾತ್ರ ಹಾಗೇ ಇದೆ.

"ಅವ್ವಾ, ನಾ ಬೀಡಿ ಸೇದಿಲ್ಲಂತ ಕೋರ್ಟ್ ಒಪ್ಕೊಂಡೈತಿ ನೋಡ," ಎಂದು ಇವರು ಕಣ್ಣೊರೆಸಿಕೊಂಡರು.

"ಕೋರ್ಟಿಗೇನ ತಿಳೀತೈತಿ?" ಎಂದರು ಅತ್ತೆ. "ಇತ್ಲಾಗ ಬಾ. ಬಾಯಿ ತೆರಿ, ವಾಸನಿ ನೋಡ್ತೀನಿ."

ಹವಾಲ್ದಾರರು ಬಗ್ಗಿ ಬಾಯಿ ತೆರೆದರು.