ನೆಲವಿನಲ್ಲಿ ಕುಳಿತ ಚೆಂಡು

ಕೈಕೆಲಸದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಳೆದ ಭಾನುವಾರದವರೆಗೆ ಈ ಮಾತನ್ನು ನಾನು ಬೆಟಗೇರಿಯ ನಮ್ಮ ಓಣಿಯಲ್ಲಿ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಮಾತ್ರ ಹೇಳೋಣ ಎಂದುಕೊಂಡಿದ್ದೇನೆ. ಯಾರೂ ಕೇಳುತ್ತಿಲ್ಲ!

ನಮ್ಮ ಮನೆಯ ಎದುರಿಗೇ ಬಾಸ್ಕೆಟ್‌ಬಾಲ್ ಅಂಗಳವಿದೆ. ಅಲ್ಲಿ ಆಡುವ ಹುಡುಗಿಯರ ತಂಡಕ್ಕೆ ನಾನು ಹತ್ತು ವರ್ಷದ ಅಭಿಮಾನಿ. ಆಟದ ನಿಯಮ ನನಗೆ ಗೊತ್ತಿಲ್ಲವೆಂದು ಯಾರೂ ತಿಳಿಯಬಾರದು. ನಮ್ಮವರ ಚೆಂಡು ಮೇಲಿನ ಕಬ್ಬಿಣದ ರಿಂಗಿನೊಳಗೆ ಹೋದರೆ ಕೂಗಬೇಕು, ಎದುರಿನವರದು ಹೋದರೆ ಸುಮ್ಮನಿರಬೇಕು. ಇಷ್ಟೇ. ಆದರೆ ನನ್ನದೊಂದು ಅಭ್ಯಾಸ. ಚೆಂಡು ರಿಂಗಿನ ಬಾಯಿಗೆ ಬಂತೆಂದರೆ ಕಣ್ಣು ಗಟ್ಟಿಯಾಗಿ ಮುಚ್ಚಿ "ಹೋಗ ನನ್ನವ್ವಾ!" ಎಂದು ಚೀರುತ್ತೇನೆ. ಕಣ್ಣು ತೆರೆಯುವಷ್ಟರಲ್ಲಿ ಚೆಂಡು ನೆಲದ ಮೇಲಿರುತ್ತದೆ. ಹೀಗಾಗಿ ರಿಂಗಿಗೂ ನೆಲಕ್ಕೂ ನಡುವೆ ಚೆಂಡಿನ ಗತಿ ಏನಾಗುತ್ತದೆ ಎಂಬುದನ್ನು ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಹಳೆಯ ತಂಡ ದೊಡ್ಡ ತಂಡವಾಗಿತ್ತು. ಈಗ ಅವರಲ್ಲಿ ಒಬ್ಬಳು ಮದುವೆಯಾಗಿ ಶಿರಹಟ್ಟಿಗೆ ಹೋದಳು, ಇಬ್ಬರು ಪೊಲೀಸ್ ತರಬೇತಿಗೆ ಹೋದರು, ಉಳಿದವರು ಧಾರವಾಡದ ಕಾಲೇಜು ಸೇರಿದರು. ಅವರ ಹಿಂದೆ ಅಭಿಮಾನಿಗಳೂ ಹೋದರು. ಉಳಿದವರು ನಾನು, ನಮ್ಮ ಮನೆಯವರು, ಪಕ್ಕದ ಮನೆಯ ನೇಕಾರರ ನೀಲವ್ವ. ಹೊಸ ತಂಡದಲ್ಲಿ ಆರೇ ಹುಡುಗಿಯರು, ಎಲ್ಲರೂ ಎಂಟನೆಯ ಇಲ್ಲವೇ ಒಂಬತ್ತನೆಯ ಇಯತ್ತೆಯವರು. ಆಡಲು ಐವರು ಬೇಕು. ಇಬ್ಬರು ಬೇಸತ್ತು ಮನೆಯಲ್ಲಿ ಕುಳಿತರೆ ತಂಡವೇ ಇರುವುದಿಲ್ಲ. ಆಗಲೇ ಮೂರು ಪಂದ್ಯ ಸೋತಿದ್ದರು. ಸವಿತಾ ಎಂಬ ಹುಡುಗಿಯಂತೂ ಪ್ರತಿ ಸೋಲಿಗೂ "ನಾ ಬಿಡತೇನಿ" ಎನ್ನುತ್ತಿದ್ದಳು. ಅಂಗಳದಲ್ಲಿ ಚೆಂಡಿನ ಸಪ್ಪಳ ನಿಂತುಹೋದರೆ ಬೆಳಿಗ್ಗೆ ನಾನು ಯಾವುದಕ್ಕೆ ಏಳಬೇಕು? ನನ್ನ ಹೆದರಿಕೆ ಅದೊಂದೇ ಆಗಿತ್ತು.

ಮುಂದಿನ ಪಂದ್ಯ ಲಕ್ಷ್ಮೇಶ್ವರದವರ ಜೊತೆ, ನಮ್ಮ ಅಂಗಳದಲ್ಲೇ. ಆಟ ಕಲಿಸುವ ಪಾಟೀಲ ಸರ್ ನಮ್ಮ ಕಟ್ಟೆಯ ಮೇಲೆ ಕುಳಿತು ಯುದ್ಧತಂತ್ರ ವಿವರಿಸಿದರು.

"ಅಕ್ಕಾರ, ನಮ್ಮ ಹುಡುಗ್ಯಾರು ಗಿಡ್ಡ ಅದಾರ, ಖರೆ. ಆದ್ರ ಓಡತಾರ ನೋಡ್ರಿ! ಲಕ್ಷ್ಮೇಶ್ವರದವರು ದೊಡ್ಡವರು, ಎತ್ತರ ಅದಾರ. ಅರ್ಧಾ ಆಟ ಓಡಿಸಿದ್ರ ಸಾಕು, ಅವರಿಗೆ ತೇಕು ಹತ್ತತೈತಿ. ಆಮ್ಯಾಲ ಆಟ ನಮ್ಮದ. ಒಂದ ಮಾತು, ಆಟ ನಡಕ ನಿಲ್ಲಬಾರದು."

"ನಿಲ್ಲೂದಿಲ್ಲ ಬಿಡ್ರಿ ಸರ್," ಎಂದು ನಾನು ಭರವಸೆ ಕೊಟ್ಟೆ. ನಾನೇ ನಿಲ್ಲಿಸುತ್ತೇನೆಂದು ಆಗ ಗೊತ್ತಿರಲಿಲ್ಲ.

ರಿಂಗಿನ ಬಲೆಗಳು ಹರಿದು ಚಿಂದಿಯಾಗಿದ್ದವು. ಸರ್ ಹುಬ್ಬಳ್ಳಿಯಿಂದ ತರುತ್ತೇನೆಂದರು. ನನಗೆ ಅವಮಾನವಾಯಿತು. ನನ್ನ ತವರು ಯಳವತ್ತಿ. ಅಲ್ಲಿ ನಮ್ಮವ್ವ ನೆಲವು ಹೆಣೆಯುವುದರಲ್ಲಿ ಹೆಸರಾಗಿದ್ದವಳು. ನೆಲವು ಎಂದರೆ ಮೊಸರು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ಜಂತಿಗೆ ತೂಗುಹಾಕುವ ಹಗ್ಗದ ಜಾಳಿಗೆ. ಅವಳಿಂದ ನಾನು ಏಳು ವರ್ಷದವಳಿದ್ದಾಗಲೇ ಕಲಿತಿದ್ದೆ. ಅವಳು ಹೇಳಿಕೊಟ್ಟ ಮೊದಲ ಪಾಠ, ಒಳಗೆ ಇಟ್ಟದ್ದು ಯಾವ ಕಾರಣಕ್ಕೂ ಕೆಳಗೆ ಬೀಳಬಾರದು.

"ಬಲಿ ನಾ ಹೆಣಿತೇನ್ರಿ ಸರ್. ಹುಬ್ಬಳ್ಳಿಗೆ ಯಾಕ ಹೋಗ್ತೀರಿ?"

ಸರ್ ಕೈಮುಗಿದರು. ಅಳತೆಗೆಂದು ಒಂದು ಹಳೆಯ ಚೆಂಡನ್ನೂ ಕೊಟ್ಟರು. ಇದ್ದ ಒಂದೇ ಒಳ್ಳೆಯ ಚೆಂಡು ಹುಡುಗಿಯರಿಗೆ ಬೇಕಾಗಿತ್ತು.

ಮೂರು ವಾರ ನಾನು ಅಡುಗೆಯನ್ನೂ ಮರೆತು ಹೆಣೆದೆ. ಗಟ್ಟಿ ಹತ್ತಿಯ ಹುರಿ, ಒಂದೊಂದು ಗಂಟಿಗೆ ಎರಡೆರಡು ಸುತ್ತು. ಅಂಗಡಿಯ ಬಲೆಗಿಂತ ಒಂದು ಗೇಣು ಉದ್ದವೇ ಮಾಡಿದೆ. ನಮ್ಮ ಕೆಲಸದಲ್ಲಿ ಜಿಪುಣತನವಿಲ್ಲ! ಕೆಳಗೆ ಬಾಯಿ ಬಿಡಬೇಕೆಂದು ಮಾತ್ರ ಕಷ್ಟಪಟ್ಟು ನೆನಪಿಟ್ಟುಕೊಂಡೆ. ಮುಗಿದ ಮೇಲೆ ಹಳೆಯ ಚೆಂಡನ್ನು ಒಳಗೆ ಬಿಟ್ಟು ನೋಡಿದೆ. ಬಿತ್ತು. ಸರಿಯಾಗಿ ಹೇಳಬೇಕೆಂದರೆ, ಸ್ವಲ್ಪ ತಡೆದು ಬಿತ್ತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಅಂಗೈಯಿಂದ ಒತ್ತಿದ ಮೇಲೆ ಬಿತ್ತು. ಆ ಚೆಂಡಿನಲ್ಲಿ ಅರ್ಧ ಗಾಳಿಯೂ ಇರಲಿಲ್ಲ ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ಅಷ್ಟರಲ್ಲಿ ನೀಲವ್ವ ಬಂದಳು. ಬಲೆಯನ್ನು ಹಿಡಿದು ತಿರುಗಿಸಿ ನೋಡಿದಳು.

"ಭಾಳ ಚೆಂದ ಆಗೇತಿ. ಆದ್ರ ಜೋತ ಬೀಳತೈತ್ರಿ ಇದು. ನಮ್ಮ ನೂಲಿಗೆ ಹಾಕ್ತೇವಲ್ಲ, ಹಂಗ ಗಂಜಿ ಹಾಕ್ರಿ. ನೆಟ್ಟಗ ನಿಲ್ತೈತಿ."

ಹಾಕಿದೆ! ಎರಡು ಸಲ ಅದ್ದಿ ಬಿಸಿಲಿಗೆ ಒಣಗಿಸಿದೆ. ಹುರಿ ನೀರು ಕುಡಿದು ಬಿಗಿಯಿತು, ಗಂಜಿ ಕುಡಿದು ಕಲ್ಲಾಯಿತು. ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಅದನ್ನು ಕೇಳಿ ನನಗೆ ಸಂತೋಷವಾಯಿತು.

ಪಂದ್ಯದ ದಿನ ಬೆಳಿಗ್ಗೆ ಪೆಂಡಾಲಿನವನ ಏಣಿ ತರಿಸಿ ಎರಡೂ ರಿಂಗಿಗೆ ಬಲೆ ಕಟ್ಟಿಸಿದೆ. ವಿಭೂತಿ ಹಚ್ಚಿ, ಕಾಯಿ ಒಡೆದೆ. ಸರ್ ಒಂದು ಸಲ ಚೆಂಡು ಹಾಕಿ ನೋಡೋಣ ಎಂದರು. ನಾನು ಒಪ್ಪಲಿಲ್ಲ.

"ಪೂಜಿ ಆದ ಬಲಿರೀ ಸರ್. ಮ್ಯಾಚಿನ ಮೊದಲನೇ ಚೆಂಡ ಬೀಳಬೇಕು ಇದರಾಗ."

ಸರ್ ಸಂಭಾವಿತರು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡರು. ಹುಡುಗಿಯರು ಅಂಗಳದ ಸುತ್ತ ಬರೀ ಓಡಿ ಮೈ ಬಿಸಿ ಮಾಡಿಕೊಂಡರು. ಏಣಿ ಮುಂಡರಗಿಯ ಮದುವೆಯೊಂದಕ್ಕೆ ಹೊರಟುಹೋಯಿತು.

ಆಟ ಶುರುವಾಯಿತು. ಸರ್ ಹೇಳಿದಂತೆಯೇ ನಮ್ಮ ಹುಡುಗಿಯರು ಓಡಿದರು. ನಾಯಕಿ ರೇಣುಕಾ ಇಬ್ಬರು ಎತ್ತರದವರ ನಡುವೆ ನುಸುಳಿ ಚೆಂಡು ಎಸೆದಳು. ನಾನು ಕಣ್ಣು ಮುಚ್ಚಿ "ಹೋಗ ನನ್ನವ್ವಾ!" ಎಂದು ಚೀರಿದೆ. ಕಣ್ಣು ತೆರೆದರೆ ಅಂಗಳವೆಲ್ಲ ಸ್ತಬ್ಧ. ಹತ್ತು ಹುಡುಗಿಯರೂ ಇಬ್ಬರು ನಿರ್ಣಾಯಕರೂ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಚೆಂಡು ನನ್ನ ಬಲೆಯಲ್ಲಿ ಬೆಣ್ಣೆಯ ಗಡಿಗೆಯಂತೆ ನೆಮ್ಮದಿಯಾಗಿ ಕುಳಿತಿತ್ತು.

ನಮ್ಮ ಮನೆಯವರು ಮೆಲ್ಲಗೆ ಕೇಳಿದರು. "ಏ, ಇದು ನೆಲವು ಅಲ್ಲೇನ?"

"ಬಲಿ ಐತ್ರಿ ಅದು."

"ಆತು ಬಿಡು. ಬೆಕ್ಕಿಗಂತೂ ಎಟಕೂದಿಲ್ಲ."

ಬಾಸ್ಕೆಟ್ ಆಗಿದೆ, ಅಂಕ ಸಲ್ಲುತ್ತದೆ ಎಂದು ನಿರ್ಣಾಯಕರು ಘೋಷಿಸಿದರು. ಆದರೆ ಚೆಂಡು ಇಳಿಯದೆ ಆಟ ಮುಂದುವರಿಯುವಂತಿರಲಿಲ್ಲ. ಇದ್ದ ಇನ್ನೊಂದು ಚೆಂಡು ನಾನು ಅಳತೆ ನೋಡಿದ್ದೇ. ಅದನ್ನು ನೆಲಕ್ಕೆ ಬಡಿದರೆ ಅಲ್ಲೇ ಮಲಗುತ್ತಿತ್ತು. ನಮ್ಮ ಮನೆಯವರು ಓಡಿಹೋಗಿ ಒಂದು ಬಿದಿರಿನ ಗಳ ತಂದು ಕೆಳಗಿನಿಂದ ತಿವಿದರು. ನಾಲ್ಕನೆಯ ತಿವಿತಕ್ಕೆ ಚೆಂಡು ಇಳಿಯಿತು. ನಿರ್ಣಾಯಕರು ಪರಸ್ಪರ ಸಮಾಲೋಚಿಸಿ, ಸದರಿ ಗಳಕ್ಕೂ ಗಳ ಹಿಡಿದವರಿಗೂ ಪಂದ್ಯ ಮುಗಿಯುವವರೆಗೆ ಅಂಗಳದ ಬದಿಯಲ್ಲಿ ನಿಲ್ಲಲು ಅನುಮತಿ ನೀಡಿದರು.

ಅಲ್ಲಿಂದ ನನ್ನ ಮರ್ಯಾದೆ ಹರಾಜಾಯಿತು. ಯಾರು ಬಾಸ್ಕೆಟ್ ಹಾಕಿದರೂ ಆಟ ನಿಲ್ಲುತ್ತಿತ್ತು. ಆಟ ನಿಂತಾಗಲೆಲ್ಲ ಲಕ್ಷ್ಮೇಶ್ವರದ ಎತ್ತರದ ಹುಡುಗಿಯರು ನೀರು ಕುಡಿದರು, ಜಡೆ ಕಟ್ಟಿಕೊಂಡರು, ಸೊಂಟಕ್ಕೆ ಕೈಯಿಟ್ಟು ಹಾಯಾಗಿ ಉಸಿರಾಡಿದರು. ತೇಕು ಅವರ ಹತ್ತಿರವೂ ಸುಳಿಯಲಿಲ್ಲ. ಅವರಲ್ಲಿ ಒಬ್ಬಳು ನನ್ನ ಹತ್ತಿರವೇ ಬಂದು ಹೇಳಿದಳು.

"ಆಂಟಿ, ಬಲಿ ನೀವ ಹೆಣದದ್ದಂತ? ಭಾಳ ಉಪಕಾರ ಆತ್ರಿ!"

ಒಂದು ಸಲ ನಮ್ಮ ಮನೆಯವರು ಸಿಟ್ಟಿನಿಂದ ಎಷ್ಟು ಜೋರಾಗಿ ತಿವಿದರೆಂದರೆ ಚೆಂಡು ಕೆಳಗೆ ಬೀಳುವ ಬದಲು ರಿಂಗಿನಿಂದ ಮೇಲಕ್ಕೆ ಹಾರಿ, ಹಲಗೆಗೆ ಬಡಿದು, ಮತ್ತೆ ಒಳಗೇ ಬಂದು ಕುಳಿತಿತು. ಅರವತ್ತು ವರ್ಷದ ಬಾಳಿನಲ್ಲಿ ಅವರದು ಮೊದಲ ಬಾಸ್ಕೆಟ್! ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಅವರು ಇಂದಿಗೂ ಮುನಿಸಿಕೊಂಡಿದ್ದಾರೆ.

ಅರ್ಧ ಆಟ ಮುಗಿದಾಗ ಬಲೆ ಕತ್ತರಿಸಿಬಿಡೋಣ ಎಂಬ ಮಾತು ಬಂತು. ಏಣಿ ಇರಲಿಲ್ಲ. ನಮ್ಮ ಮನೆಯವರು ಗಳದ ತುದಿಗೆ ಕುಡಗೋಲು ಕಟ್ಟಿಕೊಂಡು ಬಂದರು. ಕುಡಗೋಲು ಹಿಡಿದು ಅಂಗಳಕ್ಕೆ ಇಳಿಯಲು ಯಾವ ನಿಯಮದಲ್ಲೂ ಅವಕಾಶವಿಲ್ಲವೆಂದು ನಿರ್ಣಾಯಕರು ಹತ್ತು ಹೆಜ್ಜೆ ಹಿಂದೆ ಸರಿದು ತಿಳಿಸಿದರು. ಸಾಲದ್ದಕ್ಕೆ ಮೂರನೆಯ ಪಾಳಿಯಲ್ಲಿ ಗಳವೂ ಮುರಿಯಿತು.

ಆಗ ಲಕ್ಷ್ಮೇಶ್ವರದ ಅತಿ ಎತ್ತರದ ಹುಡುಗಿ ನಾಲ್ಕು ಹೆಜ್ಜೆ ಓಡಿ, ಜಿಗಿದು, ಮುಷ್ಟಿಯಿಂದ ಬಲೆಯ ತಳಕ್ಕೆ ಗುದ್ದಿದಳು. ಚೆಂಡು ಇಳಿಯಿತು. ರೇಣುಕಾ ಅದನ್ನೇ ದಿಟ್ಟಿಸಿ ನೋಡಿದಳು. ಮುಂದಿನ ಸಲ ಚೆಂಡು ಬಲೆಯಲ್ಲಿ ಸಿಕ್ಕಿಕೊಂಡಾಗ "ನಾ ತಗೀತೇನಿ" ಎಂದು ತಾನೇ ಜಿಗಿದಳು. ಎಟುಕಲಿಲ್ಲ. ಸವಿತಾ ಜಿಗಿದಳು. ಎಟುಕಲಿಲ್ಲ. ಒಬ್ಬೊಬ್ಬರಾಗಿ ಆರೂ ಜನ ಜಿಗಿದರು. ಬಲೆ ಅಲುಗಾಡಲಿಲ್ಲ. ಕೊನೆಗೆ ಲಕ್ಷ್ಮೇಶ್ವರದವಳೇ ಬಂದು ಇಳಿಸಿಕೊಟ್ಟಳು. ನಮ್ಮವರು ಬಿಡಲಿಲ್ಲ. ಆಟ ಮುಗಿಯಲು ಎರಡೇ ನಿಮಿಷ ಉಳಿದಿರುವಾಗ ರೇಣುಕಾ ಅಂಗಳದ ನಡುವಿನಿಂದ ಓಡಿ ಬಂದು ಹಾರಿದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಅವಳ ಮುಷ್ಟಿ ಬಲೆಗೆ ಬಡಿಯಿತು, ಚೆಂಡು ಉರುಳಿ ಬಿತ್ತು. ನಾವು ಮೂವರೇ ಅಭಿಮಾನಿಗಳು ಮೂವತ್ತು ಜನರಷ್ಟು ಕೂಗಿದೆವು.

ಪಂದ್ಯ ಸೋತೆವು. ಹನ್ನೊಂದು ಅಂಕದಿಂದ.

ಹುಡುಗಿಯರು ಬೂಟು ಬಿಚ್ಚಿದರು. ನಾನು ಹೇಗೋ ಧೈರ್ಯ ಮಾಡಿ ಹತ್ತಿರ ಹೋದೆ.

"ತಪ್ಪ ನಂದವ್ವಾ. ನೀವು ಚಲೋ ಆಡೀರಿ."

ಯಾರೂ ನನ್ನನ್ನು ಬೈಯಲಿಲ್ಲ. ಸವಿತಾ ಮಾತ್ರ ಚೀಲ ಹೆಗಲಿಗೇರಿಸಿ "ನಾ ನಾಳಿಂದ ಬರೂದಿಲ್ರಿ ಸರ್" ಎಂದು ಹೊರಟುಬಿಟ್ಟಳು. ಅವಳ ಗೆಳತಿಯೂ ಹಿಂದೆಯೇ ಹೋದಳು. ಆರರಲ್ಲಿ ಎರಡು ಕಳೆದರೆ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತು ಅತ್ತೆ. ನಾಲ್ಕು ಹುರಿಯ ಗಂಟು ಹಾಕಲು ಹೋಗಿ ಒಂದು ತಂಡವನ್ನೇ ಬಿಚ್ಚಿಹಾಕಿದ್ದೆ.

"ಅಳಬ್ಯಾಡ," ಎಂದರು ನಮ್ಮ ಮನೆಯವರು. "ಹುಡುಗ್ಯಾರು ಬರತಾರ. ರೊಟ್ಟಿ ಮಾಡತೀಯೇನ?"

ಮರುದಿನ ಬೆಳಿಗ್ಗೆ ಆರಕ್ಕೇ ಕಿಟಕಿಯಲ್ಲಿ ನಿಂತೆ. ರೇಣುಕಾ ಬಂದಳು. ಇನ್ನೊಬ್ಬಳು ಬಂದಳು. ಮೂರು, ನಾಲ್ಕು. ಆಮೇಲೆ ಯಾರೂ ಇಲ್ಲ. ಆರೂವರೆಯಾಯಿತು. ನಾನು ಕಿಟಕಿ ಮುಚ್ಚಬೇಕು ಎನ್ನುವಷ್ಟರಲ್ಲಿ ಸವಿತಾ ಗೆಳತಿಯ ಕೈ ಹಿಡಿದು ಓಡುತ್ತ ಬಂದಳು. ಅಂಗಳಕ್ಕೆ ಕಾಲಿಟ್ಟವಳೇ ರೇಣುಕಾಳನ್ನು ಕೇಳಿದಳು.

"ಲೇ, ನಿನ್ನಿ ನೀ ಎಲ್ಲಿಂದ ಓಡಿದ್ದಿ? ನಾನೂ ಬಲಿ ಮುಟ್ಟೇ ಬಿಡತೇನಿ!"

ಆರೂ ಜನ ಸಾಲಾಗಿ ನಿಂತು ಜಿಗಿಯತೊಡಗಿದರು. ನಾನು ಸೆರಗು ಸರಿಪಡಿಸಿಕೊಳ್ಳುತ್ತ ಅಂಗಳಕ್ಕೆ ಓಡಿದೆ. ಏಣಿ ಬಂದ ಕೂಡಲೇ ಬಲೆ ತೆಗೆಸುತ್ತೇನೆಂದು ಸರ್‌ಗೆ ಹೇಳಿದೆ.

"ತಗೀಬ್ಯಾಡ್ರಿ ಅಕ್ಕಾರ!" ಎಂದರು ಸರ್. "ಮ್ಯಾಚಿಗೆ ನಾ ಹುಬ್ಬಳ್ಳಿಯಿಂದ ಬ್ಯಾರೆ ಬಲಿ ತರತೇನಿ. ಇದು ಜಿಗಿಯಾಕ ಇರ್ಲಿ. ತಿಂಗಳಿಗೆ ಎರಡ ಬಟ್ಟ ಗಿಡ್ಡ ಮಾಡಿಕೋತ ಹೋಗ್ರಿ. ಮುಂದಿನ ವರ್ಷಕ್ಕ ಇವರ ಕೈ ಎಲ್ಲಿ ಮಟ ಹೋಗ್ತಾವ, ನೋಡೂಣಂತ."

ಸರ್ ಕಣ್ಣಿನಲ್ಲಿ ಹೊಳಪಿತ್ತು. ನನಗೂ ಮುಂದಿನ ವರ್ಷ ಕಂಡಿತು. ಎತ್ತರವಾದ, ಗಟ್ಟಿಯಾದ, ಗೆಲ್ಲುವ ತಂಡ. ಅದರ ಹಿಂದೆ ನನ್ನದೂ ಒಂದಿಷ್ಟು ಕೈಕೆಲಸ. ಹುಮ್ಮಸ್ಸು ಬಂತು. ಬಾಯಿ ಸುಮ್ಮನಿರಲಿಲ್ಲ.

"ಹಂಗಾದ್ರ ಸರ್, ಹುಬ್ಬಳ್ಳಿಗೆ ಯಾಕ? ಮ್ಯಾಚಿನ ಬಲಿನೂ ನಾನ ಹೆಣೀಲೇನ್ರಿ?"

"ಬ್ಯಾಡ!"

ಆರು ಹುಡುಗಿಯರು, ಪಾಟೀಲ ಸರ್, ಕಟ್ಟೆಯ ಮೇಲಿದ್ದ ನೀಲವ್ವ, ನಮ್ಮ ಮನೆಯ ಕಿಟಕಿಯಿಂದ ನಮ್ಮ ಮನೆಯವರು, ಎಲ್ಲರೂ ಒಂದೇ ಉಸಿರಿನಲ್ಲಿ ಕೂಗಿದರು. ಹೊಸ ತಂಡದಲ್ಲಿ ಇಂಥ ಒಗ್ಗಟ್ಟನ್ನು ನಾನು ಹಿಂದೆಂದೂ ಕಂಡಿರಲಿಲ್ಲ.