ಲೊರೆಟ ಕುಣಿದ ನೆಲ

ಎಲ್ಲದಕ್ಕೂ ಕಾರಣ ಲೊರೆಟ ಫೋನಿನಲ್ಲಿ ಆಡಿದ ಒಂದು ಮಾತು.

"ನಿಮ್ಮ ಬೀದೀಲಿ ಶನಿವಾರ ಶನಿವಾರ ಕುಣೀತಿದ್ವಲ್ಲ, ಆ ಮರದ ನೆಲ ಈಗ್ಲೂ ಇದ್ಯಾ ಕ್ಲೆಮ್? ನೆಂಟರ ಮದುವೆಗೆ ಅಂತ ಊರಿಗೆ ಬರ್ತಿದೀನಿ. ಶನಿವಾರ ಸಂಜೆ ಬಂದು ಇನ್ನೊಂದ್ಸಲ ಅದರ ಮೇಲೆ ಕುಣೀಬೇಕು ಅಂತ ಆಸೆ."

"ಇದೆ, ಇದೆ, ಬಾ" ಎಂದುಬಿಟ್ಟ ಕ್ಲೆಮ್.

ಮಿಲ್ವಾಕಿಯ ಬಿಯರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಕ್ಲೆಮ್ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತಿದ್ದ. ನಿಜವಾದ ಕಾರಣ ಮಾತ್ರ ಗಂಡನೊಂದಿಗೆ ಅರಿಜೋನಾದಲ್ಲಿ ಸಂಸಾರ ಮಾಡಿಕೊಂಡಿತ್ತು. ಈಗ ಆ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು.

ಆ ಶನಿವಾರಗಳನ್ನು ಕ್ಲೆಮ್ ಈಗಲೂ ಮರೆತಿಲ್ಲ. ಒಂದು ವಾರ ಇವರ ಮನೆ, ಇನ್ನೊಂದು ವಾರ ಅವರ ಮನೆ. ಜಮಖಾನೆ ಸುತ್ತಿ ಗೋಡೆಗೆ ಒರಗಿಸಿ ಅಪ್ಪ ಅಕಾರ್ಡಿಯನ್ ಹಿಡಿದು ಕೂತರೆ ಇಡೀ ಬೀದಿ ಪೋಲ್ಕಾ ಕುಣಿಯುತ್ತಿತ್ತು. ಅಡುಗೆಮನೆಯಿಂದ ಅಮ್ಮನ ಗಸಗಸೆ ರೊಟ್ಟಿಯ ವಾಸನೆ ಬರುತ್ತಿತ್ತು. ಅಂಥದೊಂದು ಸಂಜೆ ಅವನು ಲೊರೆಟಳ ಜೊತೆ ಕುಣಿದಿದ್ದ. ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ ಮಾತು ಹಾಡು ಮುಗಿದರೂ ಬಾಯಿಗೆ ಬಂದಿರಲಿಲ್ಲ.

ಆಮೇಲೆ ಬೀದಿಯವರೆಲ್ಲ ನೆಲಕ್ಕೆ ಕಾರ್ಪೆಟ್ ಹೊಡೆಸಿದರು. ಕ್ಲೆಮ್ ಶುಕ್ರವಾರ ತನ್ನ ಮನೆಯದನ್ನು ಕಿತ್ತ. ಕೆಳಗಿನ ಓಕ್ ಹಲಗೆಗಳು ಬೂದು ಬಣ್ಣಕ್ಕೆ ತಿರುಗಿ, ಅಂಟು ಮೆತ್ತಿಕೊಂಡು, ಸ್ನಾನ ಕಾಣದ ಎಮ್ಮೆಯಂತಿದ್ದವು. ಶನಿವಾರ ಬೆಳಿಗ್ಗೆ ಅಂಗಡಿಯಿಂದ ನೆಲ ಉಜ್ಜುವ ಯಂತ್ರವನ್ನು ಬಾಡಿಗೆಗೆ ತಂದ. ಜನ್ಮದಲ್ಲಿ ಮರ ಉಜ್ಜುವ ಮರಳುಕಾಗದ ಮುಟ್ಟಿದವನಲ್ಲ.

ಯಂತ್ರ ಜಗಲಿ ಹತ್ತುವ ಮೊದಲೇ ಪಕ್ಕದ ಮೂಲೆಮನೆಯ ಬರ್ನಿ ಹಾಜರಾದ. ಹೆಂಡತಿ ಸತ್ತ ಮೇಲೆ ಅವನಿಗೆ ಬೇರೆಯವರ ಕೆಲಸವೇ ಕೆಲಸ.

"ನಿನಗೆ ಇದೆಲ್ಲ ಗೊತ್ತೇನೋ?"

"ಗೊತ್ತಾಗೋಕೆ ಏನಿದೆ? ಹುಲ್ಲು ಕತ್ತರಿಸೋ ಹಾಗೆ ತಳ್ಳೋದು."

"ಒತ್ತಿ ಹಿಡಿ. ಇಲ್ದಿದ್ರೆ ಮರ ಮಾತು ಕೇಳಲ್ಲ" ಎಂದ ಬರ್ನಿ.

ಕ್ಲೆಮ್ ನಿಂತಲ್ಲೇ ನಿಂತು ಗುಂಡಿ ಒತ್ತಿ, ಯಂತ್ರವನ್ನು ನೆಲಕ್ಕೆ ಒತ್ತಿ ಹಿಡಿದ. ಆ ಯಂತ್ರವನ್ನು ನಡೆಸುತ್ತಲೇ ಕೆಳಗಿಳಿಸಬೇಕು. ನಿಂತರೆ ಅದು ಮರ ತಿನ್ನುತ್ತದೆ. ಮರುಕ್ಷಣ ಕೋಣೆಯ ನಟ್ಟನಡುವೆ ಹಂದಿ ಹೊರಳಾಡಿದಂಥ ಹಳ್ಳ ಬಿತ್ತು. ಬೆಚ್ಚಿ ಕೈ ಸಡಿಲಿಸಿದ್ದೇ ತಡ, ಯಂತ್ರ ಅವನನ್ನೇ ಎಳೆದುಕೊಂಡು ಎದುರು ಗೋಡೆಯವರೆಗೂ ಹೋಯಿತು.

ಸದ್ದು ಕೇಳಿ ಎದುರುಮನೆಯ ಡೊಲೋರೆಸ್ ಬಂದಳು. ಬಾಗಿಲಲ್ಲೇ ನಿಂತು ಹಳ್ಳವನ್ನೂ ಕ್ಲೆಮ್‌ನನ್ನೂ ನೋಡಿದಳು.

"ಕುಣಿಯೋಕೆ ನೆಲಾನೋ, ಮೀನು ಸಾಕೋಕೆ ಕೊಳಾನೋ?"

"ಬಣ್ಣ ಹಚ್ಚಿದ್ರೆ ಮುಚ್ಚಿಹೋಗುತ್ತೆ ಅಕ್ಕ" ಎಂದ ಕ್ಲೆಮ್, ತನಗೇ ಧೈರ್ಯ ಹೇಳಿಕೊಳ್ಳುವವನಂತೆ.

ಮಧ್ಯಾಹ್ನದ ಹೊತ್ತಿಗೆ ಒರಟು ಮರಳುಕಾಗದದ ಮೊದಲ ಸುತ್ತು ಮುಗಿಯಿತು. ನಯವಾದ ಕಾಗದದಲ್ಲಿ ಇನ್ನೆರಡು ಸಲ ಉಜ್ಜಬೇಕಿತ್ತು. "ಒಂದು ಸಲ ಸಾಕು, ಯಾರು ಮಲಗಿ ನೋಡ್ತಾರೆ?" ಎಂದ ಬರ್ನಿ. ಕ್ಲೆಮ್ ಮೈಯೆಲ್ಲ ಧೂಳಾಗಿ ಹಿಟ್ಟಿನ ಗಿರಣಿಯವನ ಹಾಗಾಗಿದ್ದ. ಆದರೂ ಉಜ್ಜಿದ ಮರದ ವಾಸನೆ ಏರಿದಾಗ, ಅಪ್ಪ ಎಲ್ಲೋ ಕೂತು ಅಕಾರ್ಡಿಯನ್ನಿನ ಪಟ್ಟಿ ಬಿಗಿಯುತ್ತಿದ್ದಾನೆ ಅನ್ನಿಸಿತು.

ಆಮೇಲೆ ಶುರುವಾಯಿತು ನಿಜವಾದ ಜಗಳ. ನೆಲಕ್ಕೆ ಆಗ ಯಾವ ಬಣ್ಣವಿತ್ತು?

"ಜೇನಿನ ಬಣ್ಣ. ಅಮ್ಮ ಪ್ರತಿ ಶುಕ್ರವಾರ ಮೇಣ ಹಚ್ಚಿ ತಿಕ್ಕೋಳು. ನನಗೆ ಚೆನ್ನಾಗಿ ನೆನಪಿದೆ" ಎಂದ ಕ್ಲೆಮ್.

"ನಿನ್ನ ತಲೆ. ಕಾಫಿ ಡಿಕಾಕ್ಷನ್ ಬಣ್ಣ. ನನ್ನ ಬಿಳಿ ಬೂಟು ಅದರ ಮೇಲೆ ಎಷ್ಟು ಎದ್ದು ಕಾಣ್ತಿತ್ತು ಗೊತ್ತಾ?" ಎಂದಳು ಡೊಲೋರೆಸ್.

"ಇಬ್ರಿಗೂ ಅರಳುಮರಳು. ಕೆಂಪು. ಹಾಲು ಹಾಕದ ಚಹಾ ಇರುತ್ತಲ್ಲ, ಆ ಕೆಂಪು" ಎಂದ ಬರ್ನಿ.

ಮೂರು ಬಣ್ಣವನ್ನೂ ತರಿಸಿ ಅಲ್ಲಲ್ಲಿ ಹಚ್ಚಿ ನೋಡಿದರು. ಹಚ್ಚಿದವರಿಗೆಲ್ಲ ತಮ್ಮದೇ ಸರಿ ಕಂಡಿತು. ನೆಲ ತೇಪೆ ಹಾಕಿದ ಕೌದಿಯಾಯಿತು. ಅದನ್ನೆಲ್ಲ ಮತ್ತೆ ಉಜ್ಜಿ ತೆಗೆಯುವಷ್ಟರಲ್ಲಿ ಬಿಸಿಲು ಇಳಿಯತೊಡಗಿತು. ಬರ್ನಿ ಎದೆ ಮೇಲೆ ಕೈಯಿಟ್ಟು, "ನಮ್ಮಮ್ಮನ ಆಣೆ, ಲೊರೆಟ ಕುಣಿದಿದ್ದು ಕೆಂಪು ನೆಲದ ಮೇಲೆ. ನಾನು ಕಣ್ಣಾರೆ ನೋಡಿದೀನಿ" ಎಂದ.

ಸತ್ತ ತಾಯಿಯ ಆಣೆಗಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರುವುದು? ನನ್ನದೇ ತಪ್ಪು ನೆನಪಿರಬೇಕು ಎಂದುಕೊಂಡು ಕ್ಲೆಮ್ ಕೆಂಪು ಡಬ್ಬಿ ತೆರೆದ.

ಬಟ್ಟೆಯಲ್ಲಿ ಬಣ್ಣ ಹಚ್ಚುವುದು, ಕೂಡಲೇ ಇನ್ನೊಂದು ಬಟ್ಟೆಯಲ್ಲಿ ಒರೆಸುವುದು. ಮಂಡಿಯೂರಿ ತೆವಳುತ್ತ ತೆವಳುತ್ತ ಹಚ್ಚಿದ. ಹಲಗೆಯ ಗೆರೆಗಳು ಒಂದೊಂದಾಗಿ ಎದ್ದುಬಂದವು. ಉಜ್ಜಿದ ಗೀರುಗಳೂ ಅವುಗಳ ಜೊತೆಗೇ ಎದ್ದುಬಂದವು. ಕೊನೆಯ ಹಲಗೆ ಮುಗಿಸಿ ತಲೆಯೆತ್ತಿದರೆ ಬಾಗಿಲು ಆ ಕಡೆ, ಅವನು ಈ ಕಡೆ ಕಿಟಕಿಯ ಮೂಲೆಯಲ್ಲಿ, ನಡುವೆ ಹಸಿ ಬಣ್ಣದ ಸಮುದ್ರ.

"ಎಷ್ಟೊತ್ತಿಗೆ ಒಣಗುತ್ತೆ?" ಎಂದು ಕೂಗಿದ.

ಬಾಗಿಲಲ್ಲಿದ್ದ ಡೊಲೋರೆಸ್ ಕನ್ನಡಕ ಏರಿಸಿ ಡಬ್ಬಿಯನ್ನು ಓದಿದಳು. "ನಾಳೆ."

ಕುಣಿಯುವ ಮಾತು ಹಾಗಿರಲಿ, ಬಾಗಿಲಲ್ಲಿ ನಿಂತು ಅವಳಿಗೆ ತೋರಿಸಿದರೂ ಸಾಕು ಎಂದುಕೊಂಡ ಕ್ಲೆಮ್. ಕಿಟಕಿ ಎತ್ತಿ ಮೊದಲು ಕಾಲು ಹೊರಗೆ ಹಾಕಿದ. ಅರ್ಧ ದೇಹ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡಿದ್ದಾಗ ಬೀದಿಯಲ್ಲಿ ಟ್ಯಾಕ್ಸಿ ನಿಂತ ಸದ್ದಾಯಿತು.

"ಅದು ಕ್ಲೆಮ್ ಅಲ್ವಾ?" ಎಂಬ ಹೆಣ್ಣುದನಿ ಕೇಳಿತು.

"ಹೌದು. ಮುಖ ಆಮೇಲೆ ಬರುತ್ತೆ" ಎಂದ ಬರ್ನಿ.

ಕ್ಲೆಮ್ ಗುಲಾಬಿ ಗಿಡದ ಮೇಲೆ ಇಳಿದು, ಮುಳ್ಳು ಕೀಳುತ್ತ, ಕೆಂಪು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಲೊರೆಟಳ ಕೂದಲು ಬೆಳ್ಳಗಾಗಿತ್ತು. ನಗು ಹಾಗೇ ಇತ್ತು. ಮುಂಬಾಗಿಲಿಗೆ ಕರೆದೊಯ್ದು ನೆಲ ತೋರಿಸಿದ. ಅವಳು ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಕ್ಲೆಮ್‌ಗೆ ಚುಚ್ಚಿದ ಮುಳ್ಳು, ತರಚಿದ ಮಂಡಿ ಎಲ್ಲ ಮರೆತುಹೋಯಿತು.

"ಬಣ್ಣ ಅದೇ" ಎಂದಳು. "ಆದ್ರೆ ಕೋಣೆ ಇದಲ್ಲ ಕ್ಲೆಮ್. ಸುತ್ತು ತಿರುಗಿದಾಗೆಲ್ಲ ಕಿಟಕೀಲಿ ಚರ್ಚಿನ ಗೋಪುರ ಕಾಣ್ತಿತ್ತು."

ಕ್ಲೆಮ್‌ನ ಕಿಟಕಿಯಿಂದ ಕಾಣುವುದು ಬರ್ನಿಯ ಮನೆಯ ಗೋಡೆ.

"ಅದು ನಮ್ಮನೆ" ಎಂದ ಬರ್ನಿ ಮೆಲ್ಲಗೆ. "ಮೂಲೆಮನೆ ನಮ್ದೇ ಅಲ್ವಾ. ನಾನು ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ, ಕೆಂಪು ಅಂತ."

ಕ್ಲೆಮ್ ಬೆನ್ನ ಹಿಂದಿದ್ದ ಕೈಗಳನ್ನು ಮುಂದೆ ತಂದು ನೋಡಿಕೊಂಡ. ಹಾಗಾದರೆ ಜೇನಿನ ಬಣ್ಣವೂ ಸುಳ್ಳಲ್ಲ. ಅಮ್ಮ ಶುಕ್ರವಾರ ಶುಕ್ರವಾರ ತಿಕ್ಕಿದ ನೆಲಕ್ಕೆ ಅವನು ತನ್ನ ಕೈಯಾರೆ ಬರ್ನಿಯ ಮನೆಯ ಬಣ್ಣ ಬಳಿದಿದ್ದ.

"ನಿಮ್ಮನೇಲಿ ಅದು ಈಗ್ಲೂ ಇದ್ಯಾ ಬರ್ನಿ?" ಎಂದು ಕೇಳಿದಳು ಲೊರೆಟ.

"ಕಾರ್ಪೆಟ್ ಕೆಳಗೆ ಇದೆ. ಕೀಳೋದೇನು ದೊಡ್ಡ ವಿಷಯ? ಯಂತ್ರ ಹೇಗೂ ನಾಳೆವರೆಗೆ ಇಲ್ಲೇ ಇರುತ್ತೆ. ನಮ್ಮ ಕ್ಲೆಮ್‌ಗೂ ಈಗ ಕೈ ಕುದುರಿದೆ."

ಲೊರೆಟ ಕ್ಲೆಮ್‌ನ ಕಡೆ ತಿರುಗಿ ಅವನ ಕೆಂಪು ಕೈಯನ್ನು ಹಿಡಿದುಕೊಂಡಳು. "ಮಾಡ್ಕೊಡ್ತೀಯಾ ಕ್ಲೆಮ್? ನಾನು ಸೋಮವಾರದವರೆಗೂ ಇರ್ತೀನಿ."

ಈ ಸಲವೂ ಅವನ ಬಾಯಿಗೆ ಮಾತು ಬರಲಿಲ್ಲ. ತಲೆಯಾಡಿಸಿದ.

ಅವನು ಜಗಲಿಯಲ್ಲಿಟ್ಟಿದ್ದ ಯಂತ್ರವನ್ನು ಎಳೆದು, ಏದುಸಿರು ಬಿಡುತ್ತ ಮೂಲೆಮನೆಯ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಬರ್ನಿ ಒಳಗಿನಿಂದ ಎರಡು ಕುರ್ಚಿ ತಂದು ಜಗಲಿಯಲ್ಲಿ ಹಾಕಿದ. ಒಂದರಲ್ಲಿ ಲೊರೆಟ ಕೂತಳು. ಕ್ಲೆಮ್ ಬೆವರು ಒರೆಸಿಕೊಂಡು ಮೂರನೆಯ ಕುರ್ಚಿಗಾಗಿ ಕಾದ.

ಬರ್ನಿ ಎರಡನೆಯದರಲ್ಲಿ ಕೂತು, ಕಾಲು ಚಾಚಿ, "ಬಾಗಿಲು ಹಾಕ್ಕೊಂಡು ಶುರು ಮಾಡೋ" ಎಂದ. "ಇಲ್ಲಿ ಲೊರೆಟಗೆ ಧೂಳಾಗುತ್ತೆ."